ಮಳೆಗಾಲಕ್ಕೆ ಅಡುಗೆಮನೆ ಕಿಟಕಿಯ ಎಳೆಸೊಪ್ಪು



ಡಿಸ್ಚಾರ್ಜ್ ಆಗುವ ದಿನ ಡಾಕ್ಟರು ಚೀಟಿಯಲ್ಲಿ ಗುಳಿಗೆಗಳನ್ನೆಲ್ಲ ಬರೆದ ಮೇಲೆ ಕೊನೆಗೆ ಒಂದು ಸಾಲು ಸೇರಿಸುತ್ತಾರೆ: ‘ಹಸಿರು ಸೊಪ್ಪು ಹೆಚ್ಚು ತಿನ್ನಬೇಕು.’ ಆ ಸಾಲನ್ನು ಬಿಡಿಸಿ ಹೇಳುವ ಕೆಲಸ ನಮ್ಮ ಪಾಲಿನದು. ಜೂನ್ ಬಂತೆಂದರೆ ಪ್ರತಿ ವಾರ್ಡಿನಲ್ಲಿಯೂ ನಮಗೆ ಒಂದೇ ಪ್ರಶ್ನೆ ಎದುರಾಗುತ್ತದೆ. “ಸೊಪ್ಪು ತಿನ್ರಿ ಅಂತೀರಿ ಸಿಸ್ಟರ್, ಈ ಮಳಿಯಾಗ ಎಲ್ಲಿಂದ ತರೂಣ್ರಿ? ತಂದ್ರೂ ಕೊಳತದ್ದ ಇರ್ತೈತಿ.” ಕೇಳುವವರ ಮಾತಿನಲ್ಲಿ ಸುಳ್ಳಿಲ್ಲ.

ನನ್ನ ತವರು ಅಂಕೋಲಾ ತಾಲೂಕಿನ ಶೆಟಗೇರಿ. ಆ ಕಡೆಯ ಮಳೆ ಕಂಡವರಿಗೆ ಈ ಮಾತು ಹೇಳಬೇಕಾಗಿಲ್ಲ. ವರ್ಷದ ಮಳೆ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಬೇಸಿಗೆಯಲ್ಲಿ ಅಂಕೋಲೆಯ ಪೇಟೆಗೆ ಹೋದರೆ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ತುಂಬ ಹರಿವೆ, ಬಸಳೆ, ಮೂಲಂಗಿ ಇಟ್ಟುಕೊಂಡು ಸಾಲಾಗಿ ಕುಳಿತಿರುತ್ತಾರೆ. ಭತ್ತದ ಕೊಯ್ಲಾದ ಗದ್ದೆಯಲ್ಲಿ ಅವರೇ ನೀರು ಹೊತ್ತು ಬೆಳೆದದ್ದು. ಮಳೆ ಹಿಡಿದ ಮೇಲೆ ಅದೇ ಗದ್ದೆಯಲ್ಲಿ ಮೊಣಕಾಲು ನೀರು, ನಾಟಿಯ ಕೆಲಸ. ಹಿತ್ತಲಲ್ಲಿ ಬಿತ್ತಿದ ಸಣ್ಣ ಬೀಜ ಒಂದೇ ರಾತ್ರಿಯ ಮಳೆಗೆ ತೊಳೆದುಹೋಗುತ್ತದೆ. ಆಗ ಸೊಪ್ಪು ಘಟ್ಟ ಇಳಿದು ಬರಬೇಕು. ಆ ಘಟ್ಟದ ರಸ್ತೆಯ ಪಾಡು ನಿಮಗೆ ಗೊತ್ತೇ ಇದೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿ ಹರಿಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು, ಎಷ್ಟೋ ದಿನ ರಸ್ತೆ ಮುಚ್ಚಿತ್ತು. ಅಂಥ ದಿನಗಳಲ್ಲಿ ಮನೆಯಲ್ಲೊಬ್ಬ ಬಾಣಂತಿಯೋ ರಕ್ತ ಕಡಿಮೆಯಾದ ಹುಡುಗಿಯೋ ಇದ್ದರೆ ತಟ್ಟೆಗೆ ಹಸಿರು ಎಲ್ಲಿಂದ ತರುವುದು?

ಅದಕ್ಕಾಗಿ ಈ ಪಾಠ. ಮನೆಯೊಳಗೆ, ಕಿಟಕಿಯ ಪಕ್ಕ, ಒಂದು ಬುಟ್ಟಿಯಲ್ಲಿ ಎಂಟು ಹತ್ತು ದಿನದಲ್ಲಿ ಬೆಳೆದು ತಿನ್ನಬಹುದಾದ ಎಳೆಸೊಪ್ಪಿನ ಬಗ್ಗೆ. ಪೇಟೆಯಲ್ಲಿ ಈಗ ಇದಕ್ಕೆ ‘ಮೈಕ್ರೋಗ್ರೀನ್ಸ್’ ಎಂಬ ಹೆಸರು. 1980ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹೋಟೆಲುಗಳ ಅಡುಗೆಯವರು ತಟ್ಟೆಯ ಅಲಂಕಾರಕ್ಕೆ ಬಳಸಿದ್ದರಿಂದ ಹೆಸರಾಯಿತು ಅನ್ನುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು. ಮುಂಬಯಿಯಲ್ಲಿ ಇದ್ದು ಬಂದವರನ್ನು ಕೇಳಿ ನೋಡಿ, ಮರಳಿನಲ್ಲಿ ಒತ್ತಾಗಿ ಬಿತ್ತಿ, ಗೇಣುದ್ದವೂ ಆಗುವ ಮೊದಲೇ ಬೇರುಸಹಿತ ಕಿತ್ತು ಸಣ್ಣ ಸಣ್ಣ ಕಟ್ಟು ಮಾಡಿ ಮಾರುವ ‘ಸಮುದ್ರ ಮೇಥಿ’ಯನ್ನು ಅವರು ಕಂಡಿರುತ್ತಾರೆ. ನಮ್ಮಲ್ಲಿ ಮೊದಲ ಮಳೆಗೆ ರಸ್ತೆ ಬದಿಯಲ್ಲಿ ಏಳುವ ತಗಟೆಯ ಕುಡಿಯನ್ನು ಚಿವುಟಿ ಪಲ್ಯ ಮಾಡುವುದೂ ಇದೇ ಜಾತಿಯ ಊಟ. ಅದನ್ನು ಯಾರೂ ಬಿತ್ತುವುದಿಲ್ಲ ಅಷ್ಟೇ.

ಮೊಳಕೆ ಬೇರೆ, ಎಳೆಸೊಪ್ಪು ಬೇರೆ

ಇಲ್ಲಿ ಬಹಳ ಜನ ಗಲಿಬಿಲಿ ಮಾಡಿಕೊಳ್ಳುತ್ತಾರೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಓದಿ. ಹೆಸರುಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಎರಡನೇ ದಿನಕ್ಕೆ ಬಾಲ ಬಿಡುತ್ತದೆ. ಅದು ಮೊಳಕೆ. ಅದರಲ್ಲಿ ಕಾಳು, ಬೇರು ಎಲ್ಲವನ್ನೂ ತಿನ್ನುತ್ತೇವೆ. ಅದೇ ಕಾಳನ್ನು ತೇವದ ಮಣ್ಣಿನ ಮೇಲೆ ಹರಡಿ ಬೆಳಕಿಗೆ ಇಟ್ಟು ಇನ್ನೂ ಐದಾರು ದಿನ ಬಿಟ್ಟರೆ ದಂಟು ಎದ್ದು ಎಲೆ ಬಿಚ್ಚಿ ಹಸಿರಾಗುತ್ತದೆ. ಆಗ ಮಣ್ಣಿನಿಂದ ಅರ್ಧ ಬೆರಳು ಮೇಲಕ್ಕೆ ಕತ್ತರಿಯಿಂದ ಕತ್ತರಿಸಿ ದಂಟು, ಎಲೆ ಮಾತ್ರ ತಿನ್ನುವುದು ಎಳೆಸೊಪ್ಪು.

ನವರಾತ್ರಿಯಲ್ಲಿ ಘಟ ಸ್ಥಾಪಿಸಿ ಧಾನ್ಯ ಬಿತ್ತುವ ಮನೆಯವರು ಒಂದು ಸಂಗತಿ ಗಮನಿಸಿರಬಹುದು. ಕತ್ತಲ ಮೂಲೆಯಲ್ಲಿ ಬೆಳೆದ ಸಸಿ ಉದ್ದವಾಗಿ, ಹಳದಿಯಾಗಿ ಇರುತ್ತದೆ. ಬೆಳಕು ಬಿದ್ದರೆ ಮಾತ್ರ ಎಲೆಯಲ್ಲಿ ಹಸಿರು ತಯಾರಾಗುತ್ತದೆ. ಎಳೆಸೊಪ್ಪಿಗೆ ಮೊದಲ ಎರಡು ಮೂರು ದಿನ ಕತ್ತಲು ಬೇಕು, ಆಮೇಲೆ ಬೆಳಕು ಬೇಕು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊಳಕೆಗೂ ಎಳೆಸೊಪ್ಪಿಗೂ ಇರುವ ಈ ವ್ಯತ್ಯಾಸವನ್ನು ಒತ್ತಿ ಹೇಳಲು ಕಾರಣ ಇದೆ. 2011ರ ಮೇ ತಿಂಗಳಿನಿಂದ ಜುಲೈವರೆಗೆ ಜರ್ಮನಿ ದೇಶದಲ್ಲಿ ರಕ್ತಭೇದಿಯ ದೊಡ್ಡ ಕಾಯಿಲೆ ಹಬ್ಬಿತು. ಸುಮಾರು 3,800 ಜನ ಹಾಸಿಗೆ ಹಿಡಿದರು, 800ಕ್ಕೂ ಹೆಚ್ಚು ಜನರ ಮೂತ್ರಪಿಂಡಕ್ಕೆ ಪೆಟ್ಟು ಬಿತ್ತು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ಮೊದಲು ಸೌತೆಕಾಯಿ, ಟೊಮೆಟೊ ಎಂದೆಲ್ಲ ಅನುಮಾನ ಬಂತು. ಕೊನೆಗೆ ಕಾರಣವೆಂದು ಗುರುತಿಸಿದ್ದು ಹಸಿಯಾಗಿ ತಿಂದ ಮೊಳಕೆಯನ್ನು, ಅದರಲ್ಲೂ ಮೆಂತ್ಯದ ಮೊಳಕೆಯನ್ನು. ಬೀಜದ ಮೇಲೆ ಕಣ್ಣಿಗೆ ಕಾಣದಂತೆ ಕುಳಿತಿದ್ದ ಇ. ಕೋಲಿ ಎಂಬ ರೋಗಾಣು ಬೆಚ್ಚಗಿನ ತೇವದಲ್ಲಿ ಕೋಟಿಗಟ್ಟಲೆ ಆಗಿತ್ತು. ಬೀಜ ಮೊಳೆಯಲು ಬೇಕಾದ ತೇವ, ಶಾಖ ರೋಗಾಣುವಿಗೂ ಬೇಕು, ಅದಕ್ಕೆ ನಾವೇ ತೊಟ್ಟಿಲು ಕಟ್ಟಿ ಕೊಟ್ಟ ಹಾಗೆ. ಎಳೆಸೊಪ್ಪಿನಲ್ಲಿ ಬೀಜವನ್ನೂ ಬೇರನ್ನೂ ಬಿಟ್ಟು ಮೇಲಿನ ಭಾಗ ಕತ್ತರಿಸುವುದರಿಂದ ಅಪಾಯ ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ.

ಆದ್ದರಿಂದ ನಮ್ಮ ವಾರ್ಡಿನಿಂದ ಮನೆಗೆ ಹೋಗುವವರಿಗೆ ನಾನು ಹೇಳುವುದು ಒಂದೇ: ಕಾಯಿಲೆಯವರ ಬಾಯಿಗೆ ಹೋಗುವ ಎಳೆಸೊಪ್ಪು, ಮೊಳಕೆ ಎರಡೂ ಬೆಂದಿರಬೇಕು. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ಮುಪ್ಪಿನವರು, ಕ್ಯಾನ್ಸರ್ ಔಷಧಿ ನಡೆಯುತ್ತಿರುವವರು, ಬಹಳ ದಿನದಿಂದ ಸ್ಟಿರಾಯ್ಡ್ ಗುಳಿಗೆ ನುಂಗುವವರು, ಡಯಾಲಿಸಿಸ್‌ನವರು, ಎಚ್‌ಐವಿ ಚಿಕಿತ್ಸೆಯಲ್ಲಿರುವವರು, ಲಿವರ್ ಕೆಟ್ಟವರು ಹಸಿ ಸೊಪ್ಪಿನ ಕೋಸಂಬರಿ ಮುಟ್ಟುವುದೇ ಬೇಡ. ಟಿವಿಯಲ್ಲಿ, ಮೊಬೈಲಿನಲ್ಲಿ ‘ಹಸಿಯಾಗಿ ತಿಂದರೇ ಸತ್ವ’ ಎಂದು ತೋರಿಸುತ್ತಾರೆ. ಅವರು ತೋರಿಸುವುದು ಗಟ್ಟಿಮುಟ್ಟಾದವರಿಗೆ.

ಯಾವ ಬೀಜ ಹಾಕಬೇಕು, ಯಾವುದು ಬೇಡ

ಮೊದಲಿಗೆ ಮೆಂತ್ಯವೇ ಒಳ್ಳೆಯದು. ಅಡುಗೆಮನೆಯ ಡಬ್ಬಿಯಲ್ಲೇ ಇರುತ್ತದೆ, ತಪ್ಪದೆ ಹುಟ್ಟುತ್ತದೆ, ಎಂಟರಿಂದ ಹತ್ತು ದಿನಕ್ಕೆ ಕತ್ತರಿಗೆ ಬರುತ್ತದೆ. ಸಾಸಿವೆಯೂ ಸುಲಭ, ವಾರದಲ್ಲಿ ಸಿದ್ಧ, ಆದರೆ ಖಾರದ ಘಾಟು ಇರುತ್ತದೆ, ಹೊಟ್ಟೆಯ ಹುಣ್ಣಿನವರಿಗೆ ಹಿಡಿಸುವುದಿಲ್ಲ. ಮೂಲಂಗಿ ಬೀಜ ಆರೇಳು ದಿನದ್ದು. ಹರಿವೆ ಬೀಜ ಎಳ್ಳಿಗಿಂತಲೂ ಸಣ್ಣದು, ಅದಕ್ಕೆ ಎರಡು ವಾರ ತಾಳ್ಮೆ ಬೇಕು. ಕೆಂಪು ಹರಿವೆಯಾದರೆ ನೋಡಲಿಕ್ಕೂ ಚೆಂದ, ಊಟ ಬೇಡವೆನ್ನುವ ಮಕ್ಕಳು ಬಣ್ಣ ಕಂಡು ಬರುತ್ತಾರೆ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲನೆ ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು, ಇಪ್ಪತ್ತು ದಿನ ಹಿಡಿದರೂ ಬೇಸರಪಡಬೇಡಿ. ಹೆಸರುಕಾಳಿನ ಬಗ್ಗೆ ಆಗಲೇ ಹೇಳಿದೆ.

ಬಾಣಂತಿಗೆ ಪಾಯಸ, ಉಂಡಿ ಮಾಡಿ ಕೊಡುವ ಅಳವಿ ಬೀಜ ಘಟ್ಟದ ಮೇಲಿನವರಿಗೆ ಗೊತ್ತು. ಇಂಗ್ಲೆಂಡಿನಲ್ಲಿ ಮಕ್ಕಳು ಒದ್ದೆ ಬಟ್ಟೆಯ ಮೇಲೆ ಕಿಟಕಿಯಲ್ಲಿ ಬೆಳೆಸಿ ಬ್ರೆಡ್ಡಿನ ನಡುವೆ ಇಟ್ಟು ತಿನ್ನುವ ಸೊಪ್ಪು ಇದೇ ಅಳವಿಯದು. ಅದನ್ನು ನೆನೆಸಲು ಹೋಗಬೇಡಿ, ನೀರು ತಾಗಿದರೆ ಲೋಳೆಯಾಗಿ ಮುದ್ದೆ ಕಟ್ಟುತ್ತದೆ. ಒಣಬೀಜವನ್ನೇ ತೇವದ ಮೇಲೆ ಉದುರಿಸಬೇಕು. ಗರ್ಭಿಣಿಯರಿಗೆ ಅಳವಿ ಕೊಡುವ ರೂಢಿ ನಮ್ಮ ಹಿರಿಯರಲ್ಲಿ ಇಲ್ಲ, ನಾವೂ ಕೊಡಿ ಎನ್ನುವುದಿಲ್ಲ.

ಇನ್ನು ಬೇಡವಾದವು. ಈ ಭಾಗವನ್ನು ಓದು ಬಾರದ ಮನೆಯವರಿಗೆ ದಯವಿಟ್ಟು ಓದಿ ಹೇಳಿ.

ಜೋಳ ಬೇಡ. ಎಳೆ ಜೋಳದ ಪೈರು ಮೇದ ದನ ಒದ್ದಾಡಿ ಸಾಯುವುದನ್ನು ಧಾರವಾಡ, ಗದಗ ಕಡೆಯ ರೈತರು ಬಲ್ಲರು. ಎಳೆ ಎಲೆಯಲ್ಲಿ ಸಯನೈಡ್ ವಿಷ ಹುಟ್ಟಿಸುವ ಅಂಶ ಇರುತ್ತದೆ. ದನಕ್ಕೆ ಆಗದ್ದು ಮನುಷ್ಯನಿಗೂ ಆಗುವುದಿಲ್ಲ. ರೊಟ್ಟಿಗೆ ಜೋಳ ಸರಿ, ಸಸಿಗೆ ಜೋಳ ಅಲ್ಲ. ಟೊಮೆಟೊ, ಬದನೆ, ಮೆಣಸು, ಬಟಾಟೆ ಇವುಗಳ ಎಳೆಸಸಿಯನ್ನೂ ತಿನ್ನಬಾರದು, ಅವುಗಳ ಎಲೆಯಲ್ಲೂ ವಿಷದ ಅಂಶ ಇದೆ. ರಾಜ್ಮಾ ಕಾಳು ಹಸಿಯಾಗಿ, ಅರೆಬೆಂದು ಹೋದರೆ ವಾಂತಿ ಭೇದಿ ಖಂಡಿತ, ಅದನ್ನು ಮೊಳಕೆಗೂ ಬಳಸಬೇಡಿ.

ಎಲ್ಲಕ್ಕಿಂತ ಮುಖ್ಯ, ಬಿತ್ತನೆ ಬೀಜದ ಅಂಗಡಿಯಿಂದ ತಂದ ಬಣ್ಣದ ಬೀಜ ಬೇಡವೇ ಬೇಡ. ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದಿದ್ದರೆ ಅದಕ್ಕೆ ಹುಳ, ಬೂಷ್ಟು ಹತ್ತದಂತೆ ಔಷಧಿ ಹಚ್ಚಿದ್ದಾರೆಂದು ಅರ್ಥ. ಹೊಲಕ್ಕೆ ಹಾಕಿ ಮೂರು ತಿಂಗಳಾದ ಮೇಲೆ ಕಾಯಿ ತಿನ್ನುವ ಲೆಕ್ಕ ಬೇರೆ, ಏಳೇ ದಿನಕ್ಕೆ ಸಸಿಯನ್ನೇ ತಿನ್ನುವ ಲೆಕ್ಕ ಬೇರೆ. ಬಣ್ಣ ಇಲ್ಲದಿದ್ದರೂ ಪೊಟ್ಟಣದ ಮೇಲೆ ‘ವಿಷ’ ಎಂದೋ ‘ಆಹಾರಕ್ಕಲ್ಲ’ ಎಂದೋ ಬರೆದಿದೆಯೇ ನೋಡಿ. ತೊಳೆದರೆ ಹೋಗುತ್ತದೆ ಎಂಬ ಭರವಸೆ ಬೇಡ. ಕಿರಾಣಿ ಅಂಗಡಿಯ ಅಡುಗೆಯ ಮೆಂತ್ಯ, ಸಾಸಿವೆ, ಹೆಸರು, ಕೊತ್ತಂಬರಿ ಸಾಕು. ಹರಿವೆ, ಮೂಲಂಗಿಗೆ ಊರಿನಲ್ಲಿ ಮನೆಬೀಜ ಇಟ್ಟುಕೊಂಡವರನ್ನು ಕೇಳಿ. ಹಿಂದೆ ಬೀಜವನ್ನು ಬೂದಿ ಹಚ್ಚಿ ಸೋರೆಬುರುಡೆಯಲ್ಲಿ ಕಟ್ಟಿಡುತ್ತಿದ್ದ ಅಜ್ಜಿಯರು ಈಗಲೂ ಅಲ್ಲಲ್ಲಿ ಇದ್ದಾರೆ.

ಬೆಳೆಯುವ ಬಗೆ

ಇದಕ್ಕೆಂದೇ ಪೆಟ್ಟಿಗೆ, ದೀಪ, ಪುಡಿ ಎಲ್ಲ ಸೇರಿಸಿ ಕಿಟ್ ಮಾರುತ್ತಾರೆ. ದುಡ್ಡು ಹಾಕುವ ಅಗತ್ಯ ನನಗೇನೂ ಕಂಡಿಲ್ಲ. ಹಳೆಯ ಪ್ಲಾಸ್ಟಿಕ್ ಬುಟ್ಟಿ, ಅಂಚು ಒಡೆದ ತಟ್ಟೆ, ಬಿದಿರಿನ ಮೊರ, ಎರಡು ಕೈಯಗಲದ ಯಾವುದಾದರೂ ಸಾಕು. ಅಡಿಯಲ್ಲಿ ತೂತು ಇರಬೇಕು. ಒಬ್ಬರಿಗೆ ಒಂದು ಹೊತ್ತಿಗೆ ಬೇಕಾದಷ್ಟು ಬೆಳೆಯಲು ತೆಂಗಿನ ಕರಟವೂ ಆಗುತ್ತದೆ.

ತುಂಬಲು ಎರಡು ಬೆರಳು ದಪ್ಪ ಮಣ್ಣು ಸಾಕು. ಕರಾವಳಿಯಲ್ಲಿ ತೆಂಗಿನ ಸಿಪ್ಪೆಯ ನಾರಿನ ಪುಡಿ ಸಿಗುತ್ತದೆ, ಅದು ಮಣ್ಣಿಗಿಂತ ಹಗುರ, ನೀರು ಹಿಡಿದಿಡುತ್ತದೆ. ಆದರೆ ಎರಡು ಮೂರು ಸಲ ಸಿಹಿನೀರಿನಲ್ಲಿ ನೆನೆಸಿ ಹಿಂಡಿ ಉಪ್ಪಿನಂಶ ತೆಗೆಯಬೇಕು. ಕಡಲದಂಡೆಯ ಮರಳು ತರಬೇಡಿ, ಉಪ್ಪಿಗೆ ಸಸಿ ಸುಡುತ್ತದೆ. ಕೊಟ್ಟಿಗೆಯ ಹಸಿ ಗೊಬ್ಬರ ಹಾಕುವ ಆಸೆಯೂ ಬೇಡ. ಇಷ್ಟು ಚಿಕ್ಕ ಸಸಿಗೆ ಗೊಬ್ಬರವೇ ಬೇಕಿಲ್ಲ, ಬೀಜದೊಳಗಿನ ಬುತ್ತಿಯಲ್ಲೇ ಅದು ಹತ್ತು ದಿನ ಬದುಕುತ್ತದೆ. ಹಸಿ ಸಗಣಿಯಲ್ಲಿ ಇರುವುದು ಮೇಲೆ ಹೇಳಿದ ಇ. ಕೋಲಿಯ ಮನೆ.

ಭತ್ತದ ಅಗೆ ಹಾಕಿ ಗೊತ್ತಿದ್ದವರಿಗೆ ಮುಂದಿನದು ನೀರು ಕುಡಿದಷ್ಟು ಸುಲಭ. ಬೀಜ ನೆನೆಸಿ, ಸೋಸಿ, ಗೋಣಿಯಲ್ಲಿ ಕಟ್ಟಿ, ಮೇಲೆ ಭಾರ ಇಟ್ಟು ಮೊಳಕೆ ಬರಿಸುತ್ತೀರಲ್ಲ, ಅದೇ ಕ್ರಮ. ಮೂರು ಚಮಚ ಮೆಂತ್ಯವನ್ನು ಕಸ, ಮುರುಕು ಆರಿಸಿ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು, ತೇವ ಮಾಡಿದ ಮಣ್ಣಿನ ಮೇಲೆ ಕಾಳಿಗೆ ಕಾಳು ತಾಗುವಷ್ಟು ಒತ್ತಾಗಿ, ಆದರೆ ಒಂದರ ಮೇಲೊಂದು ಏರದಂತೆ ಹರಡಿ. ಅಂಗೈಯಿಂದ ಮೆಲ್ಲಗೆ ಒತ್ತಿ. ಒದ್ದೆ ಬಟ್ಟೆ ಹೊದಿಸಿ ಮೇಲೆ ತಟ್ಟೆ ಮುಚ್ಚಿ ಎರಡು ದಿನ ಬಿಡಿ. ಸಸಿ ತಲೆಯಿಂದ ಬಟ್ಟೆಯನ್ನು ಎತ್ತಿದ ದಿನ ಅದನ್ನು ತೆಗೆದು ಬೆಳಕಿಗೆ ಇಡಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿ ಎಂದು ಚಿಂತೆ ಬೇಡ, ಪುಸ್ತಕ ಓದಲು ಸಾಕಾಗುವ ಕಿಟಕಿಯ ಬೆಳಕು ಇದಕ್ಕೂ ಸಾಕು. ಸಸಿ ಒಂದೇ ಕಡೆ ವಾಲಿದರೆ ಬುಟ್ಟಿ ತಿರುಗಿಸಿ.

ನೀರಿನಲ್ಲಿಯೇ ಹೆಚ್ಚಿನವರು ಎಡವುವುದು. ಮಳೆಗಾಲದ ಗಾಳಿಯಲ್ಲೇ ನೀರಿರುತ್ತದೆ, ಕೊಡದಿಂದ ಸುರಿದರೆ ಬೂಷ್ಟು ಬರುತ್ತದೆ. ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿ ಒಣಗಿದ್ದರೆ ಮಾತ್ರ ಚಿಮುಕಿಸಿ. ನೆರೆ ಬಂದಾಗ ಬಾವಿಗೆ ಹೊರಗಿನ ನೀರು ನುಗ್ಗಿದ್ದರೆ ಕುದಿಸಿ ಆರಿಸಿದ ನೀರನ್ನೇ ಹಾಕಿ. ಕುಡಿಯಲು ಯಾವ ನೀರೋ ಸಸಿಗೂ ಅದೇ.

ಮೂರನೇ ದಿನ ಬುಡದಲ್ಲಿ ಬಿಳಿ ನವಿರು ಕಂಡು ಕೆಲವರು ಬೂಷ್ಟೆಂದು ಎಸೆಯುತ್ತಾರೆ. ನೋಡುವ ಬಗೆ ಇದು: ನವಿರು ಬೇರಿನ ಸುತ್ತ ಮಾತ್ರ ಇದ್ದು, ನೀರು ಚಿಮುಕಿಸಿದೊಡನೆ ಅಡಗಿದರೆ ಅದು ಬೇರಿನ ಕೂದಲು, ಒಳ್ಳೆಯದೇ. ಜೇಡರಬಲೆಯಂತೆ ಸಸಿಯಿಂದ ಸಸಿಗೆ ಹಬ್ಬಿ, ನೀರಿಗೂ ಹೋಗದೆ, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಆ ಬುಟ್ಟಿಯಷ್ಟನ್ನೂ ಹೊರಗೆ ಚೆಲ್ಲಿ, ಚೆನ್ನಾಗಿದ್ದ ಮೂಲೆ ಆರಿಸಿ ತಿನ್ನುವ ಜಾಣತನ ಬೇಡ. ದಮ್ಮು ಇರುವವರು ಅದನ್ನು ಎತ್ತಿ ಹಾಕುವ ಕೆಲಸಕ್ಕೆ ಹೋಗಬಾರದು.

ಇನ್ನು ಇಲಿ. ಮಳೆಗೆ ಬಿಲ ತುಂಬಿದಾಗ ಇಲಿ, ಹೆಗ್ಗಣ ಮನೆಯೊಳಗೆ ಬರುತ್ತವೆ, ಮೊಳೆತ ಕಾಳು ಅವಕ್ಕೆ ಬಹಳ ಇಷ್ಟ. ಅವು ಮೂತ್ರ ಮಾಡಿದ ತೇವದಲ್ಲಿ ಇಲಿಜ್ವರದ ರೋಗಾಣು ಉಳಿಯುತ್ತದೆ. ಕರಾವಳಿಯಲ್ಲಿ ಇಲಿಜ್ವರ ಹೊಸದಲ್ಲ. ರಾತ್ರಿ ಬುಟ್ಟಿಯ ಮೇಲೆ ತಂತಿಜಾಲರಿ ಅಥವಾ ಅಕ್ಕಿ ಜರಡಿ ಬೋರಲು ಹಾಕಿ ಭಾರ ಇಡಿ. ಇಲಿ ಕೆದರಿದ ಗುರುತು ಕಂಡರೆ ಆ ಸೊಪ್ಪು ತಿನ್ನಬೇಡಿ, ಕೈಗೆ ಗಾಯ ಇದ್ದರೆ ಮುಟ್ಟಲೂಬೇಡಿ. ಬುಟ್ಟಿಯ ಕೆಳಗೆ ನೀರು ಹಿಡಿಯಲು ಇಟ್ಟ ತಟ್ಟೆಯನ್ನು ದಿನಾ ಚೆಲ್ಲಿ ಒರೆಸಿ. ವಾರ ನಿಂತ ನೀರು ಡೆಂಗ್ಯೂ ಸೊಳ್ಳೆಗೆ ಸಾಕು. ಸೊಪ್ಪು ಬೆಳೆಯಲು ಹೋಗಿ ಜ್ವರ ಬೆಳೆದಂತಾಗಬಾರದು.

ಎಷ್ಟು ನಂಬಬೇಕು

2012ರಲ್ಲಿ ಅಮೆರಿಕದ ವಿಜ್ಞಾನಿಗಳು 25 ಬಗೆಯ ಎಳೆಸೊಪ್ಪುಗಳನ್ನು ಪರೀಕ್ಷಿಸಿ, ಬಹಳಷ್ಟರಲ್ಲಿ ಬಲಿತ ಎಲೆಗಿಂತ ವಿಟಮಿನ್‌ಗಳು ಹೆಚ್ಚು ದಟ್ಟವಾಗಿರುವುದನ್ನು ಕಂಡರು. ಅದು ನಿಜ. ಆ ಒಂದು ಮಾತು ಹಿಡಿದು ‘ನಲವತ್ತು ಪಟ್ಟು ಶಕ್ತಿ’ ಎಂದು ಡಬ್ಬಿಯ ಮೇಲೆ ಅಚ್ಚುಹಾಕುವುದು ವ್ಯಾಪಾರ. ನಮ್ಮ ಲೆಕ್ಕ ಹೀಗಿರಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೆಂಗಸರಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಹೇಳುತ್ತದೆ. ಒಂದು ಬುಟ್ಟಿಯಿಂದ ಒಬ್ಬರಿಗೆ ದಿನಕ್ಕೆ ಸಿಗುವುದು ಒಂದು ಹಿಡಿ, ಇಪ್ಪತ್ತೈದು ಮೂವತ್ತು ಗ್ರಾಂ.

ರಕ್ತಹೀನತೆಯ ವಿಷಯದಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ಹೇಳುತ್ತೇನೆ, ಏಕೆಂದರೆ ನಮ್ಮ ರಾಜ್ಯದಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ. ಹೆಣ್ಣುಮಗಳಿಗೆ ಊಟದಿಂದ ದಿನಕ್ಕೆ ಸುಮಾರು 29 ಮಿ.ಗ್ರಾಂ ಕಬ್ಬಿಣಾಂಶ ಬೇಕು. 100 ಗ್ರಾಂ ಮೆಂತ್ಯ ಸೊಪ್ಪಿನಲ್ಲಿ ಇರುವುದು ಐದಾರು ಮಿ.ಗ್ರಾಂ. ಅಂದರೆ ಒಂದು ಹಿಡಿಯಲ್ಲಿ ಎರಡು ಮಿ.ಗ್ರಾಂ ಕೂಡ ಬರುವುದಿಲ್ಲ, ಅದರಲ್ಲೂ ದೇಹ ಹೀರುವುದು ಸ್ವಲ್ಪವೇ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಒಂದು ಕಬ್ಬಿಣದ ಗುಳಿಗೆಯಲ್ಲಿ 60 ಮಿ.ಗ್ರಾಂ ಇದೆ. ಹಿಮೋಗ್ಲೋಬಿನ್ 7, 8ಕ್ಕೆ ಇಳಿದವರು ಗುಳಿಗೆ ಬಿಟ್ಟು ಸೊಪ್ಪು ಹಿಡಿದರೆ ಹೆರಿಗೆಯ ಹೊತ್ತಿಗೆ ರಕ್ತದ ಬಾಟಲಿಗಾಗಿ ಮನೆಯವರು ಓಡಾಡಬೇಕಾಗುತ್ತದೆ. ಗುಳಿಗೆಯಿಂದ ಮಲ ಕಪ್ಪಾಗುವುದು, ಹೊಟ್ಟೆ ಬಿಗಿಯುವುದು ಇದ್ದದ್ದೇ. ಅದಕ್ಕೆ ಗುಳಿಗೆ ಬಿಡುವುದಲ್ಲ, ನಮಗೆ ಹೇಳಿ, ಹೊತ್ತು ಬದಲಿಸಿ ಕೊಡುತ್ತೇವೆ.

ಹಾಗಾದರೆ ಸೊಪ್ಪು ಏಕೆ? ಊಟಕ್ಕೆ ರುಚಿ ಬರುತ್ತದೆ, ನಾರು, ಫೋಲಿಕ್ ಆಮ್ಲ, ಎ ವಿಟಮಿನ್‌ನ ಮೂಲ ಸಿಗುತ್ತದೆ, ಮಳೆಗಾಲದ ಬರೀ ಅನ್ನ ಸಾರಿಗೆ ಒಂದು ಹಸಿರು ಸೇರುತ್ತದೆ. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ, ಅಥವಾ ಜೊತೆಗೆ ಒಂದು ನೆಲ್ಲಿಕಾಯಿ ತಿಂದರೆ ಸೊಪ್ಪಿನ ಕಬ್ಬಿಣ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದೂ ಹತ್ತುವುದಿಲ್ಲ. ಒಂದು ತಾಸು ತಡೆಯಿರಿ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಎರಡನ್ನೂ ಒಟ್ಟಿಗೆ ನುಂಗಬೇಡಿ.

ಗೋಧಿ ಹುಲ್ಲಿನ ರಸದ ಬಗ್ಗೆಯೂ ಕೇಳುತ್ತೀರಿ. ಕ್ಯಾನ್ಸರ್ ವಾಸಿಯಾಗುತ್ತದೆ, ಡಯಾಲಿಸಿಸ್ ನಿಲ್ಲಿಸಬಹುದು ಎಂದು ಹೇಳಿ ಕಳಿಸಿದವರು ಯಾರೇ ಇರಲಿ, ಆ ಮಾತು ನಂಬಿ ಚಿಕಿತ್ಸೆ ತಪ್ಪಿಸಬೇಡಿ. ಒತ್ತಾಗಿ ಬೆಳೆದ ಹುಲ್ಲಿನ ಬುಡದಲ್ಲಿ ಬೂಷ್ಟು ಸಾಮಾನ್ಯ, ಕೀಮೋ ಪಡೆದು ಬಿಳಿ ರಕ್ತಕಣ ಇಳಿದವರಿಗೆ ಆ ಹಸಿ ರಸ ಅಪಾಯ.

ಈ ಔಷಧಿಯವರು ಕೇಳಿಯೇ ತಿನ್ನಿ

ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಅಥವಾ ಅಸಿಟ್ರೋಮ್‌ನಂಥ ರಕ್ತ ತೆಳುಮಾಡುವ ಗುಳಿಗೆ ನುಂಗುವವರು ನಮ್ಮಲ್ಲಿ ಬಹಳ ಜನ. ಸೊಪ್ಪಿನ ಕೆ ವಿಟಮಿನ್ ಆ ಗುಳಿಗೆಯ ವಿರುದ್ಧ ಕೆಲಸ ಮಾಡುತ್ತದೆ. ಸೊಪ್ಪು ಪೂರ್ತಿ ಬಿಡಿ ಎಂದು ನಾವು ಹೇಳುವುದಿಲ್ಲ. ವಾರಕ್ಕೆ ಎಷ್ಟು ತಿನ್ನುತ್ತಿದ್ದಿರೋ ಅಷ್ಟೇ ತಿನ್ನಿ. ಒಂದು ತಿಂಗಳು ಏನೂ ಇಲ್ಲ, ಮರುತಿಂಗಳು ಬುಟ್ಟಿ ತುಂಬ ಬೆಳೆಯಿತೆಂದು ದಿನಾ ಎರಡು ಹಿಡಿ ಎಂದು ಮಾಡಿದರೆ ಐ.ಎನ್.ಆರ್. ಪರೀಕ್ಷೆಯ ಅಂಕೆ ಕೆಡುತ್ತದೆ, ಕವಾಟದಲ್ಲಿ ರಕ್ತ ಗರಣೆ ಕಟ್ಟಬಹುದು. ಹೊಸದಾಗಿ ಶುರುಮಾಡುವುದಿದ್ದರೆ ಮೊದಲು ಹೇಳಿ, ಪರೀಕ್ಷೆ ಬೇಗ ಮಾಡಿಸುತ್ತೇವೆ.

ಮೂತ್ರಪಿಂಡದ ಕಾಯಿಲೆಯವರಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದರೆ ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಬೇಕು, ಎಷ್ಟು ಎಂಬುದನ್ನು ಡಾಕ್ಟರು ಹೇಳಬೇಕು. ಉಳಿದವರಿಗೆ ‘ಬೇಯಿಸಿದ ನೀರು ಚೆಲ್ಲಬೇಡಿ’ ಎಂದು ಹೇಳುವ ನಾವೇ ಇವರಿಗೆ ಚೆಲ್ಲಿ ಎನ್ನುತ್ತೇವೆ. ಪಕ್ಕದ ಹಾಸಿಗೆಯವರಿಗೆ ಹೇಳಿದ್ದನ್ನು ಕೇಳಿಸಿಕೊಂಡು ಮನೆಯಲ್ಲಿ ಮಾಡಬೇಡಿ. ಸಕ್ಕರೆ ಕಾಯಿಲೆಯವರು ಮೆಂತ್ಯವೆಂದರೆ ಔಷಧಿಯೇ ಎಂದು ಇನ್ಸುಲಿನ್ ಬಿಡುವುದೂ ತಪ್ಪು. ಪಲ್ಯಕ್ಕೆ ಹಾಕಿದ ಒಂದು ಹಿಡಿ ಸೊಪ್ಪು ಊಟ ಅಷ್ಟೇ. ಥೈರಾಯ್ಡ್ ಇರುವವರು ಸಾಸಿವೆ, ಮೂಲಂಗಿ ಎಳೆಸೊಪ್ಪನ್ನು ಬೇಯಿಸಿ ಸ್ವಲ್ಪ ತಿಂದರೆ ತೊಂದರೆಯಿಲ್ಲ.

ಅಡುಗೆ

ನೀರಿನಲ್ಲಿ ಎರಡು ಮೂರು ಸಲ ತೊಳೆದು, ಕುದಿಯುವ ಕುಚ್ಚಲಕ್ಕಿ ಗಂಜಿಗೆ ಕೊನೆಯಲ್ಲಿ ಹಾಕಿ ಎರಡು ಮೂರು ನಿಮಿಷ ಕುದಿಸಿದರೆ ಎದ್ದು ಕೂರಲಾರದ ರೋಗಿಗೂ ಇಳಿಯುತ್ತದೆ. ತಂಬುಳಿ ಮಾಡುವುದಾದರೆ ಸೊಪ್ಪನ್ನು ಚೆನ್ನಾಗಿ ಬೇಯಿಸಿ ಆರಿಸಿ, ಕಾಯಿತುರಿ, ಜೀರಿಗೆ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿ. ಬಿಪಿ ಇರುವವರಿಗೆ ಉಪ್ಪಿಗಿಂತ ನಿಂಬೆ ಹೆಚ್ಚು ಮಾಡಿ. ಘಟ್ಟದ ಮೇಲಿನವರು ತೊಗರಿಬೇಳೆಯಲ್ಲಿ ಬೇಯಿಸಿ ಒಗ್ಗರಣೆ ಹಾಕಿ ರೊಟ್ಟಿಗೆ ಹಚ್ಚಿಕೊಳ್ಳಲಿ. ರೊಟ್ಟಿಯ ಜೊತೆ ಹಸಿ ಮೆಂತ್ಯ ಕಡಿಯುವ ರೂಢಿ ಇರುವವರು ಕಾಯಿಲೆ ಪೂರ್ತಿ ವಾಸಿಯಾಗುವವರೆಗೆ ತಡೆಯಬೇಕು.

ಬೇಕಾದಷ್ಟನ್ನೇ ಆಗಾಗ ಕತ್ತರಿಸಿ. ಫ್ರಿಜ್ ಇದ್ದವರು ನೀರು ಆರಿಸಿ ಮುಚ್ಚಿದ ಡಬ್ಬಿಯಲ್ಲಿ ಮೂರು ದಿನ ಇಡಬಹುದು, ಇಲ್ಲದವರು ಅಂದಿನದನ್ನು ಅಂದೇ ಮುಗಿಸಿ. ಸತತವಾಗಿ ಸಿಗಬೇಕೆಂದರೆ ಮೂರು ಬುಟ್ಟಿಗಳನ್ನು ಮೂರು ಮೂರು ದಿನ ಬಿಟ್ಟು ಬಿತ್ತಿ. ರೋಗಿಯ ಆರೈಕೆ ಮಾಡುವವರಿಗೆ ಇದೊಂದು ಹೊರೆ ಎನಿಸಿದರೆ ಮನೆಯ ಶಾಲೆಮಕ್ಕಳಿಗೆ ವಹಿಸಿ, ಕೈತೊಳೆಯುವುದನ್ನು ಮಾತ್ರ ನೀವು ನೋಡಿಕೊಳ್ಳಿ.

ಒಂದು ವಿನಂತಿ. ವಾರ್ಡಿನ ಕಿಟಕಿಯಲ್ಲಿ ಮಣ್ಣಿನ ಬುಟ್ಟಿ ಇಡಲು ಬರುವುದಿಲ್ಲ. ಒದ್ದೆ ಮಣ್ಣು ಆಪರೇಷನ್ ಆದವರ ಗಾಯಕ್ಕೆ ಒಳ್ಳೆಯದಲ್ಲ. ಕಲಿಯಲು ಇಷ್ಟವಿದ್ದ ಬಂಧುಗಳು ನಮ್ಮಲ್ಲಿ ಯಾರನ್ನಾದರೂ ಕೇಳಿ, ಹೊರಗಿನ ಪಡಸಾಲೆಯಲ್ಲಿ ಬೀಜ ಹರಡುವುದನ್ನು ತೋರಿಸುತ್ತೇವೆ. ಬರುವಾಗ ರೋಗಿಯ ಗುಳಿಗೆ ಚೀಟಿ ಕೈಯಲ್ಲಿರಲಿ.

ಕತ್ತರಿಸಿ ಉಳಿದ ಬೇರುಮಣ್ಣಿನಲ್ಲಿ ಮತ್ತೆ ಬಿತ್ತಬೇಡಿ, ಎರಡನೇ ಸಲಕ್ಕೆ ಬೂಷ್ಟು ಬೇಗ ಹತ್ತುತ್ತದೆ. ಅದನ್ನು ತೆಂಗಿನ ಬುಡಕ್ಕೋ ಬಸಳೆ ಚಪ್ಪರದ ಬುಡಕ್ಕೋ ಸುರಿದು, ಬುಟ್ಟಿಯನ್ನು ಸಾಬೂನು ಹಚ್ಚಿ ಉಜ್ಜಿ, ಬಿಸಿನೀರು ಸುರಿದು, ಒಲೆಯ ಹತ್ತಿರ ಒಣಗಿಸಿದ ಮೇಲೆ ಮುಂದಿನ ಬೀಜ ನೆನೆಹಾಕಿ.